ಬೇಳೆ ಬೇಯದ ನೀರು ಮತ್ತು ಕಾಕಾನ ಮೋಟಾರು

ನಮ್ಮ ಕಾಕಾನ ಮೋಟಾರಿಗೆ ಎರಡು ರೋಗಗಳಿದ್ದವು. ರಾತ್ರಿ ನಿಂತಲ್ಲೇ ನೀರು ಕಳೆದುಕೊಳ್ಳುವುದು ಒಂದು. ಹಗಲು ಹೊರಟರೆ ಧಾರವಾಡದ ದಾರಿಯ ರಾಯಾಪುರ ಮುಟ್ಟುವುದರೊಳಗೆ ಕುದಿಯುವುದು ಇನ್ನೊಂದು. ಇವೆರಡೂ ಒಂದೇ ರೋಗದ ಲಕ್ಷಣಗಳೋ, ಅಥವಾ ಎರಡು ರೋಗಗಳು ಒಂದೇ ದೇಹದಲ್ಲಿ ಬಾಡಿಗೆಗೆ ಇದ್ದವೋ ಎಂಬ ಬಗ್ಗೆ ನಮ್ಮ ಪಡಸಾಲೆಯಲ್ಲಿ ನಡೆದಷ್ಟು ಚರ್ಚೆ ಆ ಕಾಲದಲ್ಲಿ ಸ್ವರಾಜ್ಯದ ಬಗ್ಗೆಯೂ ನಡೆಯಲಿಲ್ಲ. ಇಷ್ಟು ವರ್ಷಗಳ ಮೇಲೆ ಬರೆಯಲು ಕುಳಿತಾಗಲೂ ನನಗೆ ಉತ್ತರ ಖಚಿತವಿಲ್ಲ. ನಡೆದದ್ದನ್ನು ಬರೆಯುತ್ತೇನೆ, ತಿಳಿದವರು ತೀರ್ಮಾನಿಸಲಿ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಕಾಕಾ, ಎಂದರೆ ನಮ್ಮ ಅಪ್ಪನ ತಮ್ಮ, ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರಿ. ಮನೆ ಬೆಂಗೇರಿಯ ಕಡೆ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ನನ್ನ ತಂಗಿ ಮೂವರೂ ಕಾಕಾನ ನೆರಳಿನಲ್ಲೇ ಬದುಕಿದವರು. ನಾನು ಧಾರವಾಡದಲ್ಲಿ ಕಾಲೇಜು ಓದಿ, ಪದಾರ್ಥವಿಜ್ಞಾನವನ್ನು ಪರೀಕ್ಷೆಯ ಮರುದಿನವೇ ಮರೆತು, ಒಂದು ಸಾಲೆಯಲ್ಲಿ ಅದನ್ನೇ ಕಲಿಸುತ್ತಿದ್ದೆ. ಕಾಕಾನಿಗೆ ಮಕ್ಕಳಿರಲಿಲ್ಲ. ಆ ಕೊರತೆಯನ್ನು ನೀಗಿಸಿಕೊಳ್ಳಲೆಂಬಂತೆ, ಸ್ವದೇಶಕ್ಕೆ ಮರಳುತ್ತಿದ್ದ ಬಿಳಿಯ ಅಧಿಕಾರಿಯೊಬ್ಬನ ಹಳೆಯ ಮೋಟಾರು ಕಾರನ್ನು ಮನೆಗೆ ತಂದ.

ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಅವ್ವ ಅದರ ಹಣೆಗೆ ವಿಭೂತಿ ಹಚ್ಚಿದಳು. ಹಣೆ ಎಂದರೆ ರೇಡಿಯೇಟರು. ಎಂಜಿನ್ನನ್ನು ತಂಪಾಗಿಡುವ ನೀರು ಇರುವ ಹಿತ್ತಾಳೆಯ ಪೆಟ್ಟಿಗೆ. ಕಾಕಾ ನೇಮಿಸಿಕೊಂಡ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಉಪದೇಶ ಮಾಡಿದ. ಈ ಮಿಸ್ತ್ರಿ ಹೊಲಿಗೆ ಯಂತ್ರ, ಗ್ರಾಮಫೋನು, ಅರಳೆ ಹಿಂಜುವ ಎಂಜಿನ್ನು, ಏನು ಕೊಟ್ಟರೂ ಬಿಚ್ಚುತ್ತಿದ್ದ, ಮತ್ತು ಬಿಚ್ಚುವಾಗ ಅವನ ಮುಖದಲ್ಲಿ ಒಂದು ಖಾತ್ರಿ ಇರುತ್ತಿತ್ತು.

"ಇದು ಗಾಡಿ ಹೊಟ್ಟಿ ಅನ್ರಿ. ಮ್ಯಾಲಿಂದ ಇಲ್ಲೆ ನೀರು ಹಾಕೂದು. ಕೆಳಗ ಈ ಚಾವಿ ತಿರುವಿದ್ರ ನೀರು ಹೊರಗ ಬರ್ತೈತಿ."

ಅವ್ವ ಸೆರಗಿನ ಮರೆಯಿಂದ ಒಂದೇ ಪ್ರಶ್ನೆ ಕೇಳಿದಳು: "ದಿನಾ ಹಾಕಬೇಕೇನಪಾ ನೀರು?"

"ದಿನಾ ನೋಡಬೇಕ್ರಿ ಅವ್ವಾರ. ನೀರಿನ ಮ್ಯಾಲೇ ಇದರ ಜೀವ."

ಅವ್ವ ತಲೆದೂಗಿದಳು. ಉಪದೇಶವನ್ನು ನಿಜವಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ ಎಂಬುದು ನಮಗೆ ಆಮೇಲೆ ತಿಳಿಯಿತು.

ರೋಗ ರೋಗವಾಗಿಯೇ ಇದ್ದರೆ ನಾವು ಸಹಿಸಿಕೊಳ್ಳುತ್ತಿದ್ದೆವು. ಆದರೆ ತಂಗಿಯನ್ನು ಧಾರವಾಡದ ಆಚೆಯ ಅಮ್ಮಿನಬಾವಿಯ ದೊಡ್ಡ ಒಕ್ಕಲು ಮನೆಗೆ ಕೊಟ್ಟಿತ್ತು, ಅವಳು ಚೊಚ್ಚಲ ಬಸುರಿಯಾಗಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಲ್ಲವೇ? ಏಳನೇ ತಿಂಗಳು ಮುಗಿಯುವುದರೊಳಗೆ ಕರೆತರಬೇಕು. ಎಂಟು ಹತ್ತಿದರೆ ದಾರಿ ತುಳಿಸುವಂತಿಲ್ಲ. ಅಮ್ಮಿನಬಾವಿಯಿಂದ ಚಕ್ಕಡಿಯಲ್ಲಿ ಬರುವುದು ಬೇಡ, ಕುಲುಕಾಟ ಆಗದು ಎಂದು ಸೂಲಗಿತ್ತಿ ಹೇಳಿದ್ದಳು. ಮೋಟಾರೇ ಆಗಬೇಕು. ಆದರೆ ಹಿಂದಿನ ದೀಪಾವಳಿಗೆ ಕಾಕಾ ಮೆರೆಯುತ್ತ ಅಲ್ಲಿಗೆ ಹೋದಾಗ, ಮೋಟಾರು ಸರಿಯಾಗಿ ಬೀಗರ ಬಾಗಿಲೆದುರು ಮುಚ್ಚಳ ಹಾರಿಸಿ, ಉಗಿ ಉಗುಳಿ, ಕಟ್ಟೆಯ ಮೇಲಿದ್ದ ಹಿರಿಯರನ್ನೆಲ್ಲ ಎಬ್ಬಿಸಿ ಓಡಿಸಿತ್ತು.

ತಂಗಿಯ ಮಾವ ಮಿತಭಾಷಿ. ಅಂದು ಅವರು ಆಡಿದ್ದು ಒಂದೇ ಮಾತು. "ಬೀಗರ, ಕುದಿಯೂ ಹಂಡೇದ ಹಿಂದ ಕುಂದ್ರಿಸಿ ನಮ್ಮ ಸೊಸಿನ್ನ ಕಳಸಾಂಗಿಲ್ಲ. ಕುದಿಯೂದು ಬಿಟ್ಟ ದಿನ ಬರ್ರಿ, ಕಳಸ್ತೇನಿ. ಇಲ್ಲಂದ್ರ ಬಾಣಂತನ ಇಲ್ಲೇ ಆಗ್ತೈತಿ."

ಕಾಕಾನಿಗೆ ಇದು ಮಾನದ ಪ್ರಶ್ನೆಯಾಯಿತು. ಅವ್ವನಿಗೆ ಮಗಳ ಪ್ರಶ್ನೆ. ಅವಳು ಯಾರೆದುರೂ ಅಳಲಿಲ್ಲ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದಳು, ಬಾಣಂತಿಯ ಪಾಯಸಕ್ಕೆ ಅಳವಿ ಕಾಳು ಆರಿಸಿ ಇಟ್ಟಳು, ಹಳೆಯ ಧೋತರಗಳನ್ನು ಒಗೆದು ಮಡಿಚಿದಳು. ಕೋಣೆ ಸಿದ್ಧವಾಗಿತ್ತು. ಬರುವವಳ ದಾರಿ ಮಾತ್ರ ರಾಯಾಪುರದ ಹತ್ತಿರ ಕುದಿಯುತ್ತಿತ್ತು.

ಆದ್ದರಿಂದ ಚಿಕಿತ್ಸೆ ಶುರುವಾಯಿತು.

ಮೊದಲು ಸೋರಿಕೆಯ ಶೋಧ. ಮಿಸ್ತ್ರಿ ಸಂಜೆ ಕಂಠಮಟ್ಟ ನೀರು ತುಂಬಿ, ಮೋಟಾರಿನ ಕೆಳಗೆ ಹಳೆಯ ವರ್ತಮಾನಪತ್ರಿಕೆಗಳನ್ನು ಹಾಸಿದ. "ಎಲ್ಲಿ ಹನಿ ಬಿದ್ದೈತಿ ನೋಡಿ ಅದರ ಮ್ಯಾಲೆ ತೂತು ಹಿಡೀತೇನಿ." ಬೆಳಿಗ್ಗೆ ನೋಡಿದರೆ ನೀರು ಕಂಠದಿಂದ ಪಾತಾಳಕ್ಕೆ ಇಳಿದಿತ್ತು, ಪತ್ರಿಕೆಗಳ ಮೇಲೆ ಒಂದು ಹನಿಯ ಕಲೆಯೂ ಇಲ್ಲ. ಹಾಸಿದ್ದಕ್ಕಿಂತ ನೀಟಾಗಿಯೇ ಇದ್ದವು. ಆ ನೀಟುತನ ನಮ್ಮಲ್ಲಿ ಯಾರಿಗಾದರೂ ಸಂಶಯ ತರಬೇಕಿತ್ತು. ತರಲಿಲ್ಲ.

"ಆವಿಯಾಗಿ ಹೋಗಿರಬೇಕು," ಎಂದೆ ನಾನು, ಸಾಲೆಯ ಧ್ವನಿಯಲ್ಲಿ.

"ಥಂಡೀ ರಾತ್ರ್ಯಾಗ?" ಎಂದ ಕಾಕಾ. "ನಿನ್ನ ಹುಡುಗರು ನಪಾಸಾಗೂದು ಯಾಕಂತ ಈಗ ತಿಳೀತು ನೋಡು."

ಕಾಕಾನದೇ ಒಂದು ಸಿದ್ಧಾಂತವಿತ್ತು: ಯಾರೋ ನೀರು ಕದಿಯುತ್ತಾರೆ. ಪ್ರತಿಸ್ಪರ್ಧಿ ಅರಳೆ ವ್ಯಾಪಾರಿಗಳನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಅವರಲ್ಲಿ ಯಾರೂ ನೀರಿಗೋಸ್ಕರ ನಸುಕಿಗೆ ಏಳುವಂಥವರಲ್ಲ ಎಂದು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಕೈಬಿಟ್ಟ.

ಮಿಸ್ತ್ರಿ ಇನ್ನೊಂದು ಸೂಕ್ಷ್ಮ ಕಂಡುಹಿಡಿದ. ನೀರು ಪೂರ್ತಿ ಖಾಲಿಯಾಗುತ್ತಿರಲಿಲ್ಲ. ದಿನವೂ ತಳದಲ್ಲಿ ಒಂದು ತಂಬಿಗೆಯಷ್ಟು ಉಳಿಯುತ್ತಿತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನ ಕಣ್ಣುಗಳು ಹೊಳೆದವು.

"ಸಿಕ್ಕಿತ್ರಿ ಸಾವಕಾರ್ರ! ತೂತು ಇರೂ ಮಟ್ಟಕ್ಕ ನೀರು ಇಳೀತೈತಿ, ಅಲ್ಲೇ ನಿಲ್ತೈತಿ. ತೂತು ಇಲ್ಲೇ ಐತಿ." ಸುಣ್ಣದಿಂದ ಅಡ್ಡ ಗೆರೆ ಎಳೆದ, ಗೆರೆಯುದ್ದಕ್ಕೂ ಬೆಸುಗೆ ಹಾಕಿದ. ಹಿತ್ತಾಳೆಯ ಹೊಟ್ಟೆಗೆ ಸೀಸದ ಉಡಿದಾರ ಕಟ್ಟಿದಂತಾಯಿತು. ಮರುದಿನ ಬೆಳಿಗ್ಗೆ ನೀರು ಅದೇ ಮಟ್ಟದಲ್ಲಿ, ಒಂದು ತಂಬಿಗೆ.

ಮಿಸ್ತ್ರಿ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಹೇಳಿದ: "ತೂತು ಜಾಗಾ ಬದಲಿಸೈತ್ರಿ."



ಹೊರಗೆ ಸೋರದಿದ್ದರೆ ಒಳಗೆ ಸೋರುತ್ತಿರಬೇಕೆಂದು ಆಮೇಲೆ ತೀರ್ಮಾನವಾಯಿತು. ನೀರು ಎಂಜಿನ್ನಿನ ಹೊಟ್ಟೆಗೆ ಇಳಿದು, ಸುಟ್ಟು, ಹಿಂದಿನ ಕೊಳವೆಯಿಂದ ಬಿಳಿ ಹೊಗೆಯಾಗಿ ಹೋಗುತ್ತದೆ ಎಂದು ಮಿಸ್ತ್ರಿ ವಿವರಿಸಿದ. ಎಲ್ಲರೂ ಹಿಂದೆ ಹೋಗಿ ನಿಂತೆವು. ಬಿಳಿ ಹೊಗೆ ಬರುತ್ತಿತ್ತು. ಆದರೆ ಅದು ಪುಷ್ಯಮಾಸದ ಮುಂಜಾವು. ಕಾಕಾನ ಬಾಯಿಯಿಂದಲೂ ಬರುತ್ತಿತ್ತು, ಎದುರು ಮನೆಯ ಎಮ್ಮೆಯ ಮೂಗಿನಿಂದಲೂ ಬರುತ್ತಿತ್ತು. ಪುರಾವೆ ಹೆಚ್ಚಾದಷ್ಟೂ ನಮಗೆ ಗೊಂದಲ ಹೆಚ್ಚುತ್ತಿತ್ತು.

"ಬಿಚ್ಚೂದಕ್ಕಿಂತ ಮೊದಲ ಒಂದು ಉಪಾಯ ಐತಿ," ಎಂದ ಮಿಸ್ತ್ರಿ. "ಒಂದು ಹಿಡಿ ಅಗಸಿ ಪುಡಿ ನೀರಾಗ ಹಾಕ್ರಿ. ಅದು ಉಬ್ಬಿ, ಲೋಳಿ ಆಗಿ, ತೂತು ಎಲ್ಲೇ ಇರ್ಲಿ, ಹೋಗಿ ಮುಚ್ಚತೈತಿ."

ಅಗಸೆ ನಮ್ಮ ಮನೆಯಲ್ಲಿ ಯಾವಾಗಲೂ ಇತ್ತು. ಆದರೆ ಪುಡಿಯಾಗಿ ಇದ್ದದ್ದು ಒಂದೇ ರೂಪದಲ್ಲಿ: ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಅವ್ವ ಕುಟ್ಟಿಟ್ಟ ಚಟ್ನಿಯಾಗಿ. ಹೊಸದಾಗಿ ಅಗಸೆ ಹುರಿದು ಕುಟ್ಟಲು ಕಾಕಾನಿಗೆ ತಾಳ್ಮೆ ಇರಲಿಲ್ಲ. "ಅಗಸಿ ಅಂದ್ರ ಅಗಸೀನ. ಉಪ್ಪು ಖಾರ ಮೋಟಾರಿಗೆ ಏನ್ ಮಾಡ್ತೈತಿ? ಅದಕ್ಕೇನು ಪಿತ್ತ ಐತೇನು?" ಎಂದು ಭರಣಿಯನ್ನೇ ತಂದು, ಹಿಡಿಗೆ ಬದಲು ಎರಡು ಹಿಡಿ ಸುರಿದು ಭರಣಿ ಬರಿದು ಮಾಡಿದ.

ಪರೀಕ್ಷಾ ಪ್ರಯಾಣಕ್ಕೆ ಕಾಕಾ, ಮಿಸ್ತ್ರಿ, ನಾನು ಹೊರಟೆವು. ರಾಯಾಪುರದ ಏರು ಬಂದಿತು. ಮೋಟಾರು ತನ್ನ ಮಾತನ್ನು ಉಳಿಸಿಕೊಂಡಿತು. ಆದರೆ ಈ ಸಲ ಎದ್ದ ಉಗಿಯಲ್ಲಿ ಹುರಿದ ಬೆಳ್ಳುಳ್ಳಿಯ ಘಮ ಇತ್ತು. ಹಿಂದೆಯೇ ಮೆಣಸಿನಕಾಯಿಯ ಘಾಟು ಬಂದಿತು. ಕಾಕಾ ಸೀನಿದ. ಎದುರಿನಿಂದ ಬರುತ್ತಿದ್ದ ಟಾಂಗಾದ ಕುದುರೆ ಸೀನಿ, ಟಾಂಗಾದವನನ್ನು ಹೊಲದ ಕಡೆ ಒಯ್ದಿತು. ನಾವು ಮೂವರೂ ರಸ್ತೆಯ ಬದಿಗೆ ಕುಳಿತು ಕಣ್ಣೀರು ಸುರಿಸಿದೆವು. ಹಾದುಹೋಗುವವರು ಸತ್ತವರಾರೆಂದು ವಿಚಾರಿಸಿದರು.

"ವಾಸನಿ ಛಲೋ ಐತ್ರಿ," ಎಂದ ಮಿಸ್ತ್ರಿ, ಕಣ್ಣೊರಸಿಕೊಳ್ಳುತ್ತ.

"ಬಾಯಿ ಮುಚ್ಚು," ಎಂದ ಕಾಕಾ.

ಏಳನೇ ತಿಂಗಳಲ್ಲಿ ಇನ್ನು ಕೆಲವೇ ದಿನ ಉಳಿದಿದ್ದವು. ಎಂಜಿನ್ನು ಬಿಚ್ಚುವುದೇ ಸೈ ಎಂದು ಮಿಸ್ತ್ರಿ ಸಾರಿದ. ಬಿಚ್ಚಿದ ಮೇಲೆ ಎಂದು ಕೂಡುತ್ತದೆ ಎಂದು ಕೇಳಿದರೆ ಆಕಾಶ ನೋಡಿದ. ಅಂದು ಮಧ್ಯಾಹ್ನ ಅವ್ವ ಉಣ್ಣಲಿಲ್ಲ.

ಮರುದಿನ ಮಿಸ್ತ್ರಿ ತನ್ನ ನಸುಕಿನ ನಮಾಜು ಮುಗಿಸಿ, ಉಪಕರಣಗಳ ಚೀಲ ಹೊತ್ತು, ಎಂದಿಗಿಂತ ಬೇಗ ಬಂದ. ನಾನು ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಅವನು ಮೋಟಾರಿನ ಬಳಿ ಕಂಬದಂತೆ ನಿಂತದ್ದನ್ನು ಕಂಡು ನಾನೂ ಹೋದೆ.

ಅವ್ವ ಮಿಂದು, ಒದ್ದೆ ಕೂದಲು ಗಂಟು ಹಾಕಿ, ಮೋಟಾರಿನ ಎದುರು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ವರ್ತಮಾನಪತ್ರಿಕೆಗಳು ಮಡಚಿ ಬದಿಗಿದ್ದವು. ಚಾವಿ ತಿರುವಿತ್ತು. ಕೆಳಗೆ ಇಟ್ಟ ಕೊಡಕ್ಕೆ ರೇಡಿಯೇಟರಿನ ನೀರು ಸಣ್ಣಗೆ ಇಳಿಯುತ್ತಿತ್ತು.

"ಬಂದೇನಪಾ?" ಎಂದಳು. "ತಡಿ ಸ್ವಲ್ಪ. ಕೊಡ ತುಂಬಲಿ."

ಮಿಸ್ತ್ರಿ ಚೀಲ ಕೆಳಗಿಟ್ಟ. "ಅವ್ವಾ, ಏನ್ ಮಾಡಾಕತ್ತೀ?" ಎಂದೆ ನಾನು.

"ಕಾಣಸಂಗಿಲ್ಲೇನು? ತಂಗಳ ನೀರು ಚೆಲ್ಲಾಕತ್ತೇನಿ."

ನಮ್ಮ ಮನೆಯಲ್ಲಿ ರಾತ್ರಿ ಉಳಿದ ನೀರು ಬೆಳಗಾದರೆ ನೀರಲ್ಲ. ಹಂಡೆ, ಕೊಡ, ತಂಬಿಗೆ ಎಲ್ಲವನ್ನೂ ನಸುಕಿನಲ್ಲಿ ಬರಿದು ಮಾಡಿ, ಹೊಸದಾಗಿ ಸೇದಿದ ನೀರು ತುಂಬಿದ ಮೇಲೆಯೇ ಲಿಂಗಪೂಜೆ. ಮೋಟಾರಿನ ಪೆಟ್ಟಿಗೆಯೂ ಹಿತ್ತಾಳೆ, ಅದರೊಳಗೂ ನೀರು, ಅದರ ಹಣೆಗೂ ವಿಭೂತಿ. ಮನೆಯ ಪಾತ್ರೆಗಳ ಸಾಲಿನಲ್ಲಿ ಅದು ಸೇರಿ ವರ್ಷ ಕಳೆದಿತ್ತು. ಹಳೆಯ ನೀರನ್ನು ಅವ್ವ ಹಿತ್ತಿಲ ಬಿಲ್ವದ ಗಿಡಕ್ಕೆ ಹಾಕುತ್ತಿದ್ದಳು. ಆ ವರ್ಷ ಅದು ಸೊಕ್ಕಿ ಬೆಳೆದದ್ದನ್ನು ನಾವೆಲ್ಲ ಹೊಗಳಿದ್ದೆವು.

"ಆ ಒಂದು ತಂಬಿಗಿ ನೀರು?" ಎಂದ ಮಿಸ್ತ್ರಿ, ಕ್ಷೀಣ ದನಿಯಲ್ಲಿ.

"ದಾರೀಗೆ ಹೋಗವ್ರ ಎದುರಿಗೆ ಬರೇ ಕೊಡ ಇರಬಾರದಲ್ಲೋ. ಅದಕ್ಕ ಒಂದು ತಂಬಿಗಿ ಹೊಸಾ ನೀರು ಹಾಕಿ ಇಡತೇನಿ. ಉಳದದ್ದು ನೀವು ಗಂಡಸರು ತುಂಬಕೊಳ್ಳತೀರಿ."

"ಈ ಪೇಪರು?"

"ಅಕ್ಷರ ಇರೂ ಕಾಗದ ನೆಲಕ್ಕ ಹಾಸೀರಿ, ಬುದ್ಧಿ ಐತೇನು ನಿಮಗ? ಎತ್ತಿಟ್ಟು, ಕೆಲಸಾ ಮುಗಿಸಿ, ಮತ್ತ ಇದ್ದಂಗ ಇಡತಿದ್ದೆ. ನೀವು ಏನೋ ಪೂಜಿ ಇಟಗೊಂಡೀರಿ ಅನಕೊಂಡೆ."

"ನೀರು ಎಲ್ಲಿ ಹೋಗ್ತೈತಿ ಅಂತ ತಿಂಗಳಾತು ಮಾತಾಡಾಕತ್ತೇವಿ, ನೀ ಹೇಳಲಿಲ್ಲಲ್ಲ ಅವ್ವಾ!"

"ನೀವು ತೂತು ಹುಡುಕಾಕತ್ತಿದ್ರಿ," ಎಂದಳು ಅವ್ವ, ಚಾವಿ ಮುಚ್ಚುತ್ತ. "ನಂಗೇನು ಗೊತ್ತು ತೂತಿನ ಸುದ್ದಿ?"

ಕಾಕಾನನ್ನು ಎಬ್ಬಿಸಿ ಹೇಳಿದೆವು. ಅವನು ಹೊರಗೆ ಬಂದು, ಅತ್ತಿಗೆಯನ್ನೂ ಕೊಡವನ್ನೂ ಸೀಸದ ಉಡಿದಾರವನ್ನೂ ಸರದಿಯಂತೆ ನೋಡಿ, ಒಳಗೆ ಹೋಗಿ ಮತ್ತೆ ಮಲಗಿದ.

ಇಲ್ಲಿಗೆ ಒಂದು ರೋಗ ವಾಸಿಯಾಯಿತು. ಕುದಿಯುವ ರೋಗ? ಅವ್ವ ಚೆಲ್ಲಿದ್ದನ್ನು ನಾವು ದಿನವೂ ತುಂಬಿಕೊಂಡೇ ಹೊರಡುತ್ತಿದ್ದೆವಲ್ಲ. ಹಾಗಿದ್ದರೆ ಅದು ಕುದಿಯುವುದೇಕೆ? ಮಿಸ್ತ್ರಿ ಮುಚ್ಚಳ ತೆಗೆದು ಒಳಗೆ ಬೆರಳು ಆಡಿಸಿದ. ಬೆರಳಿಗೆ ಬಿಳಿ ಹಕ್ಕಳೆ ಅಂಟಿತು.

"ಅವ್ವಾರ, ನಿಮ್ಮ ಬಾಂವಿ ನೀರಾಗ ಬ್ಯಾಳಿ ಬೇಯ್ತಾವೇನ್ರಿ?"

"ಸವಳ ನೀರು. ಎಲ್ಲಿ ಬೇಯ್ತಾವ? ಸಾರಿಗೆ ಕೆರಿ ನೀರು ತರಸ್ತೇವಿ."

ಅವನು ನನ್ನ ಕಡೆ ತಿರುಗಿದ. ಅವನ ಮತ ಹೀಗೆ: ಒಮ್ಮೆ ತುಂಬಿದ ನೀರನ್ನು ಹಾಗೇ ಬಿಟ್ಟಿದ್ದರೆ ಅದರಲ್ಲಿದ್ದ ಸುಣ್ಣ ಒಮ್ಮೆ ಕಟ್ಟಿ ಮುಗಿಯುತ್ತಿತ್ತು. ದಿನಕ್ಕೊಂದು ಕೊಡ ಹೊಸ ಸವಳು ನೀರು ಎಂದರೆ ದಿನಕ್ಕೊಂದು ಚಿಟಿಕೆ ಹೊಸ ಸುಣ್ಣ. ವರ್ಷದಲ್ಲಿ ಒಳಗಿನ ಸಣ್ಣ ಕೊಳವೆಗಳು ಕಟ್ಟಿಹೋಗಿ, ನೀರು ಸುತ್ತಾಡಲಾರದೆ ನಿಂತಲ್ಲೇ ಕುದಿಯುತ್ತಿತ್ತು. ಕೇಳಲು ಚೆನ್ನಾಗಿತ್ತು. ತೂತು ಜಾಗ ಬದಲಿಸಿದ ಸಿದ್ಧಾಂತವೂ ಕೇಳಲು ಚೆನ್ನಾಗಿಯೇ ಇತ್ತಾದ್ದರಿಂದ ನಾನು ತಲೆಯಾಡಿಸಲಿಲ್ಲ.

"ಬಿಚ್ಚಬೇಕಾತು," ಎಂದ ಅವನು ಚೀಲಕ್ಕೆ ಕೈಹಾಕಿ.

"ಹಂಡೇದಾಗ ಬಿಳೀ ಕಟ್ಟಿದ್ರ ಹಂಡೇ ಮುರೀತಾರೇನು?" ಎಂದಳು ಅವ್ವ. "ಹುಣಸಿ ಹುಳಿ ಹಾಕಿ ಕುದಸ್ರಿ. ಕುದಿಯೂದಂತೂ ಅದಕ್ಕ ಬರ್ತೈತಲ್ಲ."

"ಅದನ್ನೇ ಹೇಳಾವ ಇದ್ನಿರಿ," ಎಂದ ಮಿಸ್ತ್ರಿ.

ಎದ್ದು ಬಂದ ಕಾಕಾ ಹುಣಸೆ ನೀರು ಒಳಗೆ ಹೋಗುವುದನ್ನು ನೋಡುತ್ತ ನಿಂತ. "ಖಾರ ಬಿತ್ತು, ಉಪ್ಪು ಬಿತ್ತು, ಈಗ ಹುಳಿ. ಬ್ಯಾಳಿ ಒಂದ ಹಾಕ್ರಿ, ಊಟಕ್ಕ ಕುಂದ್ರೂಣು."

ಅಂದು ಸಂಜೆಯವರೆಗೂ ಮೋಟಾರು ಅಂಗಳದಲ್ಲಿ ನಿಂತು ಹುಳಿ ಕುದಿಸಿತು. ಚಾವಿ ತಿರುವಿದಾಗ ಸುಣ್ಣದ ಹಕ್ಕಳೆ, ಅಗಸೆಯ ಲೋಳೆ, ಮೆಣಸಿನ ಬೀಜ ಎಲ್ಲ ಹೊರಬಿದ್ದವು. ಕೆರೆಯ ಸಿಹಿನೀರು ತುಂಬಿ, ಇನ್ನು ಇದನ್ನು ಮುಟ್ಟಬಾರದು ಎಂದು ಅವ್ವನಿಂದ ಮಾತು ತೆಗೆದುಕೊಂಡೆವು. ಅವಳು ಮಾತು ಕೊಟ್ಟಳು. ಆದರೆ ಮುಖ ಸಣ್ಣದಾಯಿತು. "ಬಸುರಿ ಮಗಳನ್ನ ತಂಗಳ ನೀರಿನ ಗಾಡ್ಯಾಗ ತರೂದಾ?" ಕೊನೆಗೆ ಒಂದು ಒಪ್ಪಂದವಾಯಿತು: ಬಾವಿಯಿಂದ ಆಗತಾನೇ ಸೇದಿದ ಒಂದು ತಂಬಿಗೆ ನೀರನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಕು. ಪದವೀಧರನಾದ ನಾನು ಹಾಗೆಯೇ ಹೋದೆ.

ಮರುದಿನ ರಾಯಾಪುರ ದಾಟಿತು. ಧಾರವಾಡ ದಾಟಿತು. ಕುದಿಯಲಿಲ್ಲ. ಕಾಕಾ, ಮಿಸ್ತ್ರಿ, ನಾನು ಮೂವರೂ ಮಾತಾಡಲಿಲ್ಲ; ಮಾತಾಡಿದರೆ ಅದು ಕೇಳಿಸಿಕೊಂಡೀತು ಎಂಬ ಭಯ. ಅಮ್ಮಿನಬಾವಿಯ ಬೀಗರ ಬಾಗಿಲೆದುರು ನಿಂತಾಗ ಕಟ್ಟೆಯ ಹಿರಿಯರು ಮೊದಲೇ ಎದ್ದು ದೂರ ಹೋಗಿದ್ದರು.

ಮಾವನವರು ಬಂದು ಮೋಟಾರನ್ನು ಒಂದು ಸುತ್ತು ಹಾಕಿದರು. "ಉಗಿ ಇಲ್ಲ, ಖರೆ," ಎಂದರು. "ಆದ್ರ ಒಳಗ ಏನೈತೋ ಯಾರು ಕಂಡಾರ? ಕೈ ಇಟ್ಟು ನೋಡತೇನಿ. ಓಂ ನಮಃ ಶಿವಾಯ ಅಂತ ಒಮ್ಮೆ ನಿಧಾನ ಅನ್ನೂತನಕ ಕೈ ತಡಕೊಂಡ್ರ ಕಳಸ್ತೇನಿ."

ದಾರಿ ನಡೆದ ಮೋಟಾರು ಕುದಿಯದಿದ್ದರೂ ಬಿಸಿ ಇರುತ್ತದೆ, ಅದು ಅದರ ಧರ್ಮ ಎಂದು ಹೇಳಲು ಮಿಸ್ತ್ರಿ ಬಾಯಿ ತೆರೆದ. ಕಾಕಾ ಅವನ ಕಾಲು ತುಳಿದ. ಮಾವನವರು ಹಿತ್ತಾಳೆಯ ಮೇಲೆ ಅಂಗೈ ಊರಿ "ಓಂ" ಎಂದವರೇ ಕೈ ಹಿಂದೆಗೆದು ಕೊಡವಿದರು. ಬಾಗಿಲಲ್ಲಿ ಸೀರೆ ಗಂಟಿನೊಂದಿಗೆ ನಿಂತಿದ್ದ ತಂಗಿ ನೆಲ ನೋಡಿದಳು. ನಾನು ತಂಬಿಗೆ ನೋಡಿದೆ.

ಆಗ ಅವಳ ಅತ್ತೆ ಒಳಗಿನಿಂದ ಬಂದರು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಂತಿತ್ತು, ಕೈಗೆ ಹಿಟ್ಟಿತ್ತು. "ಚಾದ ಬಟ್ಟಲಾ ಹಿಡಿಯಾಕ ಬರಂಗಿಲ್ಲ ನಿಮಗ, ಧೋತರದ ತುದಿ ಬೇಕು," ಎಂದು ಗಂಡನನ್ನು ಬದಿಗೆ ಸರಿಸಿ ತಮ್ಮ ಅಂಗೈಯನ್ನು ರೇಡಿಯೇಟರಿನ ಮೇಲೆ ಊರಿದರು. ನಲವತ್ತು ವರ್ಷ ಕಾದ ಹೆಂಚಿನ ಮೇಲೆ ಜೋಳದ ರೊಟ್ಟಿ ತಿರುವಿದ ಕೈ. ಓಂ ನಮಃ ಶಿವಾಯ ಎಂದು ಒಮ್ಮೆ ನಿಧಾನವಾಗಿ ಹೇಳಿದರು. ಇನ್ನೊಮ್ಮೆ ಹೇಳಿದರು. ಮೂರನೆಯ ಸಲ ಕಟ್ಟೆಯವರಿಗೆಲ್ಲ ಕೇಳುವಂತೆ ಹೇಳಿ, ಕೈ ತೆಗೆದರು.

"ಬೆಚ್ಚಗೈತಿ, ಅಷ್ಟ. ನಡಿ ಯವ್ವಾ, ಹತ್ತು."

ಮಾವನವರು ಏನೋ ಹೇಳಹೊರಟರು. ಅತ್ತೆ ತಿರುಗಿ ನೋಡದೆ ಹೇಳಿದರು: "ನನ್ನ ಚೊಚ್ಚಲಕ್ಕ ನಮ್ಮಪ್ಪನ ಚಕ್ಕಡಿ ಬಂದಾಗ ನೀವು ದಿನಾ ಸರಿ ಇಲ್ಲಂತ ತಿರುಗಿ ಕಳಿಸಿದ್ರಿ. ನಾ ಮರತಿಲ್ಲ." ಮಾವನವರು ಒಳಗೆ ಹೋದರು. ತಂಗಿ ಮೋಟಾರು ಹತ್ತಿದಳು.

ಹಾಗಾದರೆ ಮೋಟಾರು ವಾಸಿಯಾಗಿತ್ತೋ, ಆ ಕೈ ಸುಳ್ಳು ಹೇಳಿತೋ? ಮರಳುವಾಗ ರಾಯಾಪುರದ ಬಳಿ ಮುಚ್ಚಳದ ಅಂಚಿನಿಂದ ಎಳೆಯಷ್ಟು ಉಗಿ ಎದ್ದಿತು. ಅದು ಕುದಿ ಎಂದು ನಾನು, ನಿಟ್ಟುಸಿರು ಎಂದು ಮಿಸ್ತ್ರಿ, ಏನೂ ಇಲ್ಲವೇ ಇಲ್ಲ ಎಂದು ಕಾಕಾ. ನಿಲ್ಲಿಸಿದೆವು. ಎಷ್ಟು ತೊಳೆದರೂ ಹೋಗದ ಬೆಳ್ಳುಳ್ಳಿ ಅಗಸೆಯ ಘಮ ಸಣ್ಣಗೆ ತೇಲಿ ಬಂದಿತು.

ಹಿಂದಿನ ಸೀಟಿನಿಂದ ತಂಗಿ ಮುಖ ಎತ್ತಿದಳು. "ಅಣ್ಣಾ, ಅವ್ವನ ಅಗಸಿ ಚಟ್ನಿ ವಾಸನಿ! ಎಲ್ಲೈತಿ? ರೊಟ್ಟಿ ತಂದೀರೇನು?" ತಿಂಗಳಿನಿಂದ ಅದೊಂದೇ ಬಯಕೆಯಂತೆ, ಅತ್ತೆಮನೆಯಲ್ಲಿ ಹೇಳಲು ನಾಚಿಕೆಯಂತೆ.

ಮಿಸ್ತ್ರಿ ರೇಡಿಯೇಟರಿಗೆ ಸುರಿಯಲು ತಂಬಿಗೆಗೆಂದು ಕೈಚಾಚಿದ. ಇಳಿಯುವಾಗ ನಾನು ಸೀಟಿನ ಮೇಲೆ ಇಟ್ಟಿದ್ದ ತಂಬಿಗೆ, ತಿರುಗಿ ನೋಡಿದರೆ, ತಂಗಿಯ ಕೈಯಲ್ಲಿತ್ತು, ಬರಿದಾಗಿತ್ತು. ಅವಳು ಬಾಯೊರಸಿಕೊಂಡು, "ನಮ್ಮ ಬಾಂವೀ ನೀರು," ಎಂದಳು.

ಮೋಟಾರು ತಾನಾಗಿ ಆರುವವರೆಗೆ ಬೇವಿನ ನೆರಳಿನಲ್ಲಿ ಕುಳಿತೆವು. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಮಗಳ ಕೆನ್ನೆ ಮುಟ್ಟುವ ಮೊದಲು ತಂಬಿಗೆ ತಿರುವಿ ನೋಡಿದಳು.

"ಗಾಡಿಗೆ ಹಾಕಿದ್ರೇನು?"

"ಇಲ್ಲವ್ವಾ, ನಾ ಕುಡದೆ," ಎಂದಳು ತಂಗಿ. "ಲಗೂ ರೊಟ್ಟಿ ಹಾಕು. ಚಟ್ನಿ ಎಲ್ಲೈತಿ?"

ಅವ್ವ ಕಾಕಾನ ಮುಖ ನೋಡಿದಳು. ಕಾಕಾ ಮೋಟಾರಿನ ಮುಖ ನೋಡಿದ. ಆಮೇಲೆ ಅವಳು ಒಳಗೆ ಹೋಗಿ, ಹಸಿ ಅಗಸೆಯನ್ನು ಒಲೆಯ ಮೇಲೆ ಹುರಿಯಲು ಇಟ್ಟಳು.